ಗುಳೇದಗುಡ್ಡದಿಂದ ಬರುತ್ತಿದ್ದ ಫೋನು

ಕೃಷ್ಣಮ್ಮತ್ತೆ ಫೋನೆತ್ತಿದರೆ ಹಲೋ ಅನ್ನುತ್ತಿರಲಿಲ್ಲ. "ಹೇಳ್ರಿ, ಯಾವೂರು?" ಅನ್ನುತ್ತಿದ್ದಳು. ಹನುಮಾನ್ ಘಾಟಿನ ನಮ್ಮ ಮನೆಗೆ ಬರುತ್ತಿದ್ದ ಫೋನುಗಳು ಹೆಚ್ಚಾಗಿ ಕರ್ನಾಟಕದವೇ. ಗದಗ, ಹಾವೇರಿ, ರಾಯಚೂರು, ಜಮಖಂಡಿ. ಕಾಶಿಗೆ ಬರುವವರು ಶ್ರಾದ್ಧಕ್ಕೆ, ಗಂಗಾಪೂಜೆಗೆ, ಉಳಿದುಕೊಳ್ಳುವ ಕೋಣೆಗೆ ಮೊದಲೇ ಹೇಳಿಡಲು ಫೋನು ಮಾಡುತ್ತಿದ್ದರು. ಅಷ್ಟು ದೂರದ ಊರಿನಲ್ಲಿ ತಮ್ಮ ಭಾಷೆಯಲ್ಲೇ ಯಾರೋ ಊರು ಕೇಳಿದರೆ ಅವರಿಗೆ ಅರ್ಧ ಕಾಶಿಗೆ ಬಂದಷ್ಟು ಸಮಾಧಾನವಾಗುತ್ತಿತ್ತು. ಬಿಜಲಿ ದಫ್ತರದವರೋ ಚೌಕಿನ ಸೀರೆ ಅಂಗಡಿಯವರೋ ಮಾಡಿದರೆ ಮಾತ್ರ ಆ ಕಡೆಯಿಂದ ಗಲಿಬಿಲಿ. ಆಗ ಅತ್ತೆ ನಿರಾಸೆಯಿಂದ "ಠಹರಿಯೇ" ಅಂದು ರಿಸೀವರನ್ನು ಅಣ್ಣನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಳು.

ಅವಳು ನನ್ನ ಅಪ್ಪ ವಾಸುದೇವಾಚಾರ್ಯರ ತಂಗಿ. ನಮ್ಮ ಮುತ್ತಜ್ಜನ ಕಾಲದಿಂದಲೂ ನಮ್ಮದು ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವ ಮನೆತನ. ಅತ್ತೆ ಹುಟ್ಟಿದ್ದು ಕಾಶಿಯಲ್ಲೇ. ಮದುವೆ ಮಾಡಿ ಮುಧೋಳಕ್ಕೆ ಕೊಟ್ಟರು. ಅಲ್ಲಿ ಕೆಲವೇ ವರ್ಷ ಸಂಸಾರ ಮಾಡಿದಳು. ಗಂಡ ಜ್ವರ ಬಂದು ತೀರಿಕೊಂಡ ಮೇಲೆ ಅಜ್ಜ ಹೋಗಿ ಕರೆದುಕೊಂಡು ಬಂದರಂತೆ. ಆಮೇಲೆ ಅವಳು ಕಾಶಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಆದರೆ ಆ ಕೆಲವು ವರ್ಷಗಳ ಮುಧೋಳ ಅವಳ ಬಾಯಲ್ಲಿ ಹಾಗೇ ಉಳಿದಿತ್ತು. ನಾವು ಮಕ್ಕಳೆಲ್ಲ ಗಲ್ಲಿಯಲ್ಲಿ ಹಿಂದಿ ಮಾತಾಡಿ ಮನೆಗೆ ಬಂದು ಅರೆಬರೆ ಕನ್ನಡ ಆಡುತ್ತಿದ್ದೆವು. "ಬಾಯಾಗ ಪಾನ್ ಇಟ್ಕೊಂಡು ಕನ್ನಡ ಮಾತಾಡಿಧಂಗ ಆಗ್ತದ ನೋಡು" ಎಂದು ನನ್ನನ್ನು ಹಂಗಿಸುತ್ತಿದ್ದಳು.

ಮನೆಗೆ ಫೋನು ಬಂದಾಗ ನಾನು ತೀರಾ ಚಿಕ್ಕವಳು. ಅಪ್ಪ ಬೆಳಗಿನ ಹೊತ್ತು ಘಾಟಿನಲ್ಲಿರುತ್ತಿದ್ದರು, ಅಮ್ಮ ಮಡಿಯುಟ್ಟು ಅಡುಗೆಮನೆಯಲ್ಲಿ. ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತ, ಬತ್ತಿ ಹೊಸೆಯುತ್ತ ಕೂತಿರುತ್ತಿದ್ದವಳು ಅತ್ತೆಯೊಬ್ಬಳೇ. ಹಾಗಾಗಿ ಫೋನು ಅವಳದಾಯಿತು. ಯಾರೂ ಅವಳಿಗೆ ಆ ಕೆಲಸ ಒಪ್ಪಿಸಲಿಲ್ಲ, ಅವಳೂ ಕೇಳಲಿಲ್ಲ.

ನಮ್ಮದು ಕಾಶಿಯ ಹಳೆಯ ಮನೆಗಳಂತೆ ನಡುವೆ ತೆರೆದ ಅಂಗಳವಿದ್ದು ಸುತ್ತ ಮೂರು ಮಜಲು ಏರಿದ ಮನೆ. ಯಾತ್ರಿಕರ ಕೋಣೆಗಳು ಮೇಲೆ, ಫೋನು ಕೆಳಗೆ. ಮೇಲಿದ್ದವರಿಗೆ ಊರಿನಿಂದ ಫೋನು ಬಂದರೆ ಅತ್ತೆ ಅಂಗಳದ ನಡುವೆ ನಿಂತು ಮುಖ ಮೇಲೆತ್ತಿ ಕೂಗುತ್ತಿದ್ದಳು: "ಗದಗದವರಽಽಽ, ನಿಮ್ಮ ಮಗಂದು ಫೋನು ಅದ!" ಆ ಕೂಗಿಗೆ ಮಾಳಿಗೆಯ ಮೇಲಿನ ಕಪಿಗಳು ಪಕ್ಕದ ಮನೆಗೆ ಹಾರುತ್ತಿದ್ದವು. ಗದಗದವರ ಜೊತೆಗೆ ಹಾವೇರಿಯವರೂ ಓಡಿ ಬರುತ್ತಿದ್ದರು, ತಮಗೇ ಇರಬಹುದೆಂದು.

ಕೆಟ್ಟ ಸುದ್ದಿ ಬಂದಾಗ ಮಾತ್ರ ಅವಳು ಕೂಗುತ್ತಿರಲಿಲ್ಲ. ಊರಿನಲ್ಲಿ ಯಾರೋ ತೀರಿಕೊಂಡರೆಂದು ಫೋನು ಬಂದರೆ, "ಇಡಬ್ಯಾಡ್ರಿ, ಕರಕೊಂಡು ಬರ್ತೀನಿ" ಅಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಮಂಡಿನೋವಿನಲ್ಲೂ ಮೆಟ್ಟಿಲು ಹತ್ತುತ್ತಿದ್ದಳು. ಅವರ ಕೋಣೆಯ ಬಾಗಿಲಲ್ಲಿ ನಿಂತು ಮೊದಲು ನೀರು ಕುಡಿದಿರಾ ಎಂದು ಕೇಳುತ್ತಿದ್ದಳಂತೆ. ಏನು ಹೇಳುತ್ತಿದ್ದಳೋ, ಹೇಗೆ ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಅವರ ಕೈ ಹಿಡಿದುಕೊಂಡು ಇಳಿದು ಬರುವುದನ್ನಷ್ಟೇ ನಾನು ನೋಡಿದ್ದೇನೆ.

ಇಂಥ ಫೋನುಗಳ ನಡುವೆಯೇ, ಎರಡು ಸಾವಿರ ಇಸವಿಗೆ ಸ್ವಲ್ಪ ಮುಂಚೆ, ಗುಳೇದಗುಡ್ಡದ ಜಗದಾಂಬಾ ಫೋನು ಮಾಡಿದ್ದು. ಕುಪ್ಪಸದ ಖಣ ನೇಯುವ ಮನೆಯವಳು. ತನ್ನ ಗಂಡನ ತಾಯಿಯನ್ನು ಕಾಶಿಗೆ ಕರೆತರಬೇಕು, ಕಾರ್ತಿಕದಲ್ಲಿ ಒಂದು ಕೋಣೆ ಬೇಕು ಎಂದಳು. ಕೃಷ್ಣಮ್ಮತ್ತೆ ಕೋಣೆ ಹಿಡಿದಿಟ್ಟಳು. ಕಾರ್ತಿಕಕ್ಕೆ ಮುಂಚೆ ಮತ್ತೆ ಫೋನು ಬಂತು: "ಈ ವರ್ಷ ಬರಾಕ ಆಗೂದಿಲ್ರಿ ಅಕ್ಕಾರ. ನಮ್ಮತ್ತಿ ಬಚ್ಚಲದಾಗ ಜಾರಿ ಬಿದ್ದು ಟೊಂಕ ಮುರಕೊಂಡಾರ." ಮುಂದಿನ ವರ್ಷ ಮತ್ತೆ ಕೋಣೆ ಕೇಳಿದಳು, ಮತ್ತೆ ಬೇಡವೆಂದಳು. ಆಕೆಯ ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವರನ್ನು ಬಿಟ್ಟು ಬರಲು ಜಗದಾಂಬಾಗೆ ಮನಸ್ಸಿಲ್ಲ. ಆದರೂ ಕೋಣೆ ಕೇಳುವುದನ್ನು ಆಕೆ ಬಿಡಲಿಲ್ಲ. ಬರಬರುತ್ತ ಕೋಣೆಯ ಮಾತೂ ಹಿಂದೆ ಸರಿಯಿತು. ಮಗ್ಗದ ಕೆಲಸ ಮುಗಿದ ಮೇಲೆ ಪಕ್ಕದ ಎಸ್‌ಟಿಡಿ ಅಂಗಡಿಗೆ ಬಂದು ಸುಮ್ಮನೆ ಮಾತಾಡಲೆಂದೇ ಫೋನು ಮಾಡುತ್ತಿದ್ದಳು.

ಏನು ಮಾತು? ಗುಳೇದಗುಡ್ಡದಲ್ಲಿ ನೀರು ಬಿಟ್ಟರೋ ಇಲ್ಲವೋ. ಗಂಗೆ ಎಷ್ಟು ಮೆಟ್ಟಿಲು ಏರಿದೆ. ನಮ್ಮ ಗಲ್ಲಿಯ ಆಚೆಗಿನ ಮದನಪುರದಲ್ಲಿ ರೇಷ್ಮೆ ಮಗ್ಗಗಳಿವೆಯೆಂದು ಅತ್ತೆ ಹೇಳಿದಾಗಂತೂ ಆಕೆ ಕುಣಿದಳು. "ಅಲ್ಲಿ ಮಗ್ಗ ಕುಣ್ಯಾಗ ಐತೋ, ಮ್ಯಾಲ ಐತೋ ನೋಡಿ ಹೇಳ್ರಿ ಅಕ್ಕಾರ" ಎಂದಳು. ಅತ್ತೆ ನನ್ನನ್ನು ಕರೆದುಕೊಂಡು ಮದನಪುರಕ್ಕೆ ಹೋಗಿ, ಗುರುತಿಲ್ಲದ ಮನೆಯೊಂದರ ಬಾಗಿಲಲ್ಲಿ ನಿಂತು, ನೇಕಾರರು ಕಾಲು ಇಳಿಬಿಟ್ಟು ಕೂರುವ ಗುಂಡಿಯನ್ನು ಬಗ್ಗಿ ನೋಡಿ ಬಂದಳು. ಮುಂದಿನ ಫೋನಿನಲ್ಲಿ ಅದೇ ಮಾತು. ಜಗದಾಂಬಾಗೆ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿ. ರಿಸೀವರು ಅತ್ತೆಯ ಕಿವಿಯಲ್ಲಿದ್ದರೂ ಆಕೆಯ ಮಾತು ಪಡಸಾಲೆಗೆಲ್ಲ ಕೇಳುತ್ತಿತ್ತು.

ಈ ಮಾತುಕತೆಯ ನಡುವೆಯೇ ಅಣ್ಣ ಸಂಕರ್ಷಣ ವ್ಯವಹಾರಕ್ಕೆ ಇಳಿದದ್ದು. ಅಪ್ಪನಿಗೆ ವಯಸ್ಸಾಗಿತ್ತು. ಪೂಜೆಯ ಭಾಗ ಅಪ್ಪನದು, ಕೋಣೆ, ಗಾಡಿ, ಗಯಾ ಪ್ರಯಾಗದ ಏರ್ಪಾಡು ಅಣ್ಣನದು ಎಂದಾಯಿತು. ಒಂದು ಸಲ ರಾಣೆಬೆನ್ನೂರಿನ ದೊಡ್ಡ ತಂಡವೊಂದು ವಿಶ್ವನಾಥ ಗಲ್ಲಿಯಲ್ಲಿ ಅಣ್ಣನಿಗೆ ಎದುರಾಯಿತು. ಎಲ್ಲರೂ ಬೇರೆಯವರ ಮನೆಯಲ್ಲಿ ಇಳಿದಿದ್ದರು. ಹಿರಿಯರೊಬ್ಬರು, "ನಿಮ್ಮ ಮನೀಗೆ ಮುಂಜಾನಿಂದ ಸಂಜೀತನಕ ಫೋನ್ ಹಚ್ಚಿದಿವ್ರೀ. ಯಾವಾಗ ನೋಡಿದ್ರೂ ಎಂಗೇಜು" ಅಂದರಂತೆ.

ಅಣ್ಣ ಮನೆಗೆ ಬಂದು ಯಾರ ಮೇಲೂ ರೇಗಲಿಲ್ಲ. ಊಟಕ್ಕೆ ಕೂತಾಗ, "ಅಪ್ಪಾ, ಎರಡನೇ ಲೈನ್ ತಗೋಬೇಕು. ಕೋಣೆಕೋಣೆಗೂ ಇಂಟರ್‌ಕಾಮ್ ಹಾಕಿಸಬೇಕು. ಚೌಕಿನ ಸೀರೆ ಅಂಗಡಿಗಳಲ್ಲೆಲ್ಲ ಹಾಕಿಸ್ಯಾರ" ಎಂದ. ಅಪ್ಪ ಅತ್ತೆಯ ಮುಖ ನೋಡಿದರು. ಅತ್ತೆ, "ಹಾಕಸು. ನನ್ನ ಮೊಣಕಾಲಿಗರ ಆರಾಮ ಆಗ್ತದ" ಎಂದಳು.

ಲಹುರಾಬೀರಿನಿಂದ ಗುಲಾಬಚಂದ್ ಕೇಸರವಾನಿ ಎಂಬಾತ ಬಂದ. ಟೆಲಿಫೋನು ಸಾಮಾನು ಮಾರುವವನು. ತೆಳ್ಳಗಿನ ಮೀಸೆ, ಬಾಯಿ ತುಂಬ ಪಾನು. ಪಡಸಾಲೆಯ ಜಮಖಾನದ ಮೇಲೆ ಮೂರು ಬಗೆಯ ಸಾಮಾನು ಹರಡಿದ. ಮೊದಲನೆಯದು ಬಡವರ ಉಪಾಯ, ಒಂದೇ ತಂತಿಗೆ ಅಲ್ಲಲ್ಲಿ ಫೋನು ಸಿಕ್ಕಿಸುವುದು. ಅದರಲ್ಲಿ ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ. ಅಣ್ಣ ಬೇಡವೆಂದ. ಎರಡನೆಯದು ಒಂದು ಡಬ್ಬಿ. ಹೊರಗಿನ ಫೋನೆಲ್ಲ ಕೆಳಗಿನ ಒಂದು ಫೋನಿಗೆ ಬರುತ್ತದೆ. ಅಲ್ಲಿ ಕೂತವರು ಗುಂಡಿ ಒತ್ತಿ ಮೇಲಿನ ಕೋಣೆಗೆ ಕೊಡಬೇಕು. ಮೂರನೆಯದೂ ಅಂಥದೇ ಡಬ್ಬಿ, ಆದರೆ ಅದೇ ಮಾತಾಡುತ್ತದೆ. ಇಂಥದಕ್ಕೆ ಒಂದು ಒತ್ತಿ, ಅಂಥದಕ್ಕೆ ಎರಡು ಒತ್ತಿ ಎಂದು ಅದೇ ಹೇಳಿ, ಒತ್ತಿದ ಕಡೆಗೆ ಅದೇ ಕೊಡುತ್ತದೆ.

"ಮಾತಾಜೀ, ಯೇ ಮಶೀನ್ ನ ಥಕತೀ ಹೈ, ನ ಬೀಮಾರ್ ಪಡತೀ ಹೈ" ಎಂದ ಕೇಸರವಾನಿ ಅತ್ತೆಯ ಕಡೆ ತಿರುಗಿ. ಇದಕ್ಕೆ ದಣಿವಿಲ್ಲ, ಕಾಯಿಲೆಯಿಲ್ಲ ಎಂದು ಅವನ ಹೊಗಳಿಕೆ.

ಅತ್ತೆ ಬತ್ತಿ ಹೊಸೆಯುತ್ತಲೇ, "ಊಟಾನೂ ಮಾಡೂದಿಲ್ಲೇನು ಕೇಳು" ಎಂದಳು ನನಗೆ. ನಾನು ಹಿಂದಿಯಲ್ಲಿ ಕೇಳಿದೆ. ಕೇಸರವಾನಿ ನಕ್ಕು, ಕರೆಂಟು ತಿನ್ನುತ್ತದೆ ಎಂದ. ಕರೆಂಟು ಹೋದರೆ ಡಬ್ಬಿ ಮಲಗಿಬಿಡುತ್ತದೆ, ಆಗ ಫೋನು ನೇರವಾಗಿ ಕೆಳಗಿನ ಹಳೆಯ ಫೋನಿಗೇ ಬರುತ್ತದೆ ಎಂದೂ ಹೇಳಿದ. ನಮ್ಮ ಕಡೆ ದಿನವೂ ಗಂಟೆಗಟ್ಟಲೆ ಕರೆಂಟು ಹೋಗುತ್ತಿದ್ದ ಕಾಲ ಅದು. ಅಣ್ಣ ಬಹಳ ಹೊತ್ತು ಯೋಚಿಸಿದ. ಎರಡನೆಯದು ಸಾಕೆಂದು ಅಪ್ಪನ ಮತ. ಆದರೆ ಅಣ್ಣನ ತಲೆಯಲ್ಲಿ ಆ ಎಂಗೇಜ್ ಸದ್ದೇ ಕೂತಿತ್ತು. ಮಾತಾಡುವ ಡಬ್ಬಿಯನ್ನೇ ಆರಿಸಿದ.

ಎರಡನೇ ಲೈನು ಬಂತು, ಆದರೆ ಮನೆಯೊಳಗೆ ತಂತಿ ಎಳೆಯುವುದೇ ದೊಡ್ಡ ಕೆಲಸವಾಯಿತು. ಹೊರಗೆ ಎಳೆದರೆ ಕಪಿಗಳು ಕಿತ್ತುಹಾಕುತ್ತಿದ್ದವು. ಕೊನೆಗೆ ಕೊಳವೆಯೊಳಗೆ ತೂರಿಸಿ ಮೂರು ಮಜಲಿಗೂ ಏರಿಸಿದರು. ಕೋಣೆಕೋಣೆಯಲ್ಲೂ ಗೋಡೆಗೆ ಬಿಳಿಯ ಪುಟ್ಟ ಫೋನು ಬಂತು. ಯಾತ್ರಿಕರ ಮಕ್ಕಳಿಗೆ ಹಬ್ಬ. ಒಂದು ಕೋಣೆಯಿಂದ ಇನ್ನೊಂದಕ್ಕೆ ಮಾಡಿ ನಗುತ್ತಿದ್ದವು.

ಇನ್ನು ಡಬ್ಬಿಗೆ ಕನ್ನಡದ ದನಿ ಬೇಕಿತ್ತು. ಅದರೊಳಗೆ ಬಂದದ್ದು ಇಂಗ್ಲಿಷು, ಹಿಂದಿ ಮಾತ್ರ. ಅಣ್ಣನೇ, "ಅತ್ಯಾ, ನೀನ ಹೇಳು. ನಿನ್ನ ದನಿ ಎಲ್ಲಾರಿಗೂ ಗೊತ್ತದ" ಎಂದ. ಹೇಳಬೇಕಾದ ನಾಲ್ಕು ಮಾತು ಬಾಯಿಪಾಠ ಮಾಡಿಸಿದ. ಅತ್ತೆ ರಿಸೀವರು ಕಿವಿಗಿಟ್ಟುಕೊಂಡಳು. ಕೇಸರವಾನಿ ಗುಂಡಿ ಒತ್ತಿ ಕೈ ಆಡಿಸಿದ.

"ಹೇಳ್ರಿ, ಯಾವೂರು?" ಎಂದಳು ಅತ್ತೆ. ಎಂದು ಸುಮ್ಮನೆ ಕಾಯುತ್ತ ನಿಂತಳು.

"ಅತ್ಯಾ, ಕೇಳಬಾರದು. ಬರೇ ಹೇಳಬೇಕು."

"ಯಾರಿಗೆ ಹೇಳ್ಲಿ? ಆ ಕಡೆ ಯಾರದಾರ?"

"ಯಾರೂ ಇಲ್ಲ. ಆಮೇಲೆ ಕೇಳ್ತಾರ."

ಮತ್ತೆ ಶುರು ಮಾಡಿದಳು. "ಪೂಜಾಕ್ಕ ಆದ್ರ ಒಂದು ಒತ್ರಿ, ಕೋಣೆಕ್ಕ ಆದ್ರ ಎರಡು..." ಅಷ್ಟಕ್ಕೇ ನಿಂತು, "ಎಷ್ಟು ಮಂದಿ ಬರ್ತೀರಿ? ಸಣ್ಣ ಕೂಸು ಅವ ಏನು?" ಎಂದುಬಿಟ್ಟಳು. ಅಪ್ಪ ಜೋರಾಗಿ ನಕ್ಕರು. ಅಣ್ಣನಿಗೂ ನಗು. ಅತ್ತೆಗೆ ಮಾತ್ರ ನಾಚಿಕೆಯಾಯಿತು. ರಿಸೀವರನ್ನು ನನ್ನ ಕೈಗಿಟ್ಟು, "ಸಾತ್ವಿಕಾ ಹೇಳ್ಲಿ. ಗೋಡಿ ಕೂಡ ಮಾತಾಡ್ಲಿಕ್ಕೆ ನಂಗ ಬರೂದಿಲ್ಲ" ಎಂದು ಒಳಗೆ ಹೋದಳು. ನಾನು ನನ್ನ ಬನಾರಸಿ ಕನ್ನಡದಲ್ಲಿ ಪಟಪಟನೆ ಹೇಳಿದೆ. ಡಬ್ಬಿ ಅದನ್ನೇ ನುಂಗಿಟ್ಟುಕೊಂಡಿತು.

ಅಣ್ಣನ ಲೆಕ್ಕ ತಪ್ಪಿರಲಿಲ್ಲ. ಒಂದು ಒತ್ತಿದರೂ ಎರಡು ಒತ್ತಿದರೂ ಫೋನು ಅವನ ಕೋಣೆಯಲ್ಲೇ ಬಡಿಯುತ್ತಿತ್ತು, ಎಂಗೇಜ್ ಎಂಬ ದೂರು ನಿಂತಿತು. ದೊಡ್ಡ ದೊಡ್ಡ ತಂಡಗಳು ಬಂದವು. ಅಪ್ಪನಿಗೆ ಘಾಟಿನಿಂದ ಬಂದ ಕೂಡಲೇ ಯಾರು ಯಾವತ್ತು ಬರುತ್ತಾರೆಂಬುದು ಅಣ್ಣನ ಬಾಯಿಂದ ಸ್ಪಷ್ಟವಾಗಿ ಸಿಗುತ್ತಿತ್ತು. ಮೊದಲು ಅತ್ತೆ ಹೇಳುವಾಗ ತಂಡದ ಜೊತೆಗೆ ಅವರ ಮನೆಯ ಎಮ್ಮೆಯ ವಿಷಯವೂ ಬರುತ್ತಿತ್ತು. ಅಂಗಳದಲ್ಲಿ ನಿಂತು ಕೂಗುವವರಿಲ್ಲದೆ ಮನೆ ಶಾಂತವಾಯಿತು. ಅತ್ತೆಯ ಮಂಡಿನೋವೂ ಕಡಿಮೆಯಾಯಿತು.

ಜಗದಾಂಬಾಳ ಫೋನು ಮಾತ್ರ ಬರಲಿಲ್ಲ.

ಮೊದಮೊದಲು ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಗುಳೇದಗುಡ್ಡದಿಂದ ಯಾರರ ಮಾಡಿದ್ರೇನು?" ಎಂದು ಆಗೊಮ್ಮೆ ಈಗೊಮ್ಮೆ ಅಣ್ಣನನ್ನು ಕೇಳುತ್ತಿದ್ದಳು. ಅವನು ಇಲ್ಲವೆನ್ನುತ್ತಿದ್ದ. ತಾನೇ ಮಾಡೋಣವೆಂದರೆ ಆಕೆಯ ನಂಬರು ಯಾರಲ್ಲಿದೆ? ಯಾವತ್ತೂ ಆಕೆಯೇ ಮಾಡುತ್ತಿದ್ದದ್ದು, ಅದೂ ಎಸ್‌ಟಿಡಿ ಅಂಗಡಿಯಿಂದ. ದೀಪಾವಳಿ ಹೋಯಿತು, ಚಳಿಗಾಲ ಕಳೆದು ಹೋಳಿ ಬಂತು. ಕೋಣೆ ಕೇಳುವ ಫೋನೂ ಇಲ್ಲ, ಕೋಣೆ ಬೇಡವೆನ್ನುವ ಫೋನೂ ಇಲ್ಲ.

ಬೇಸಿಗೆಯಲ್ಲಿ ಕರೆಂಟು ಹೋದರೆ ಕಾಶಿಯ ಮನೆಗಳಲ್ಲಿ ಯಾರೂ ಕೆಳಗೆ ಕೂರುವುದಿಲ್ಲ. ಎಲ್ಲರೂ ಮಾಳಿಗೆಗೆ ಹೋಗಿ ನದಿಯ ಗಾಳಿಗೆ ಮೈಯೊಡ್ಡುತ್ತಾರೆ. ಆ ವರ್ಷ ಅತ್ತೆ ಮಾತ್ರ ಮೇಲೆ ಬರುತ್ತಿರಲಿಲ್ಲ. ಪಡಸಾಲೆಯ ಸೆಕೆಯಲ್ಲಿ, ಬೀಸಣಿಗೆ ಆಡಿಸುತ್ತ, ಹಳೆಯ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂದು ಸಂಜೆ ಅಣ್ಣ ನೀರು ಕುಡಿಯಲು ಇಳಿದು ಬಂದವನು ನೋಡಿದ. ನಾನೂ ಅವನ ಹಿಂದೆಯೇ ಇದ್ದೆ.

"ಇಲ್ಲಿ ಯಾಕ ಬೇಯಲಿಕ್ಕೆ ಹತ್ತೀ ಅತ್ಯಾ? ಮ್ಯಾಲೆ ಬಾ."

"ಬ್ಯಾಡ. ಈಗ ಡಬ್ಬಿ ಮಲಗೇದಲ್ಲ. ಈಗ ಫೋನ್ ಬಂದ್ರ ನಾನ ಎತ್ತಬಹುದು."

ಅಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತ. "ಗುಳೇದಗುಡ್ಡದವರದೇನು?" ಎಂದ. ಅತ್ತೆ ತಲೆಯಾಡಿಸಿದಳು. "ಆಕಿಗೆ ಒಂದು ಒತ್ರಿ ಎರಡು ಒತ್ರಿ ಅಂದ್ರ ಏನು ತಿಳೀಬೇಕೋ? ಆಕಿಗೆ ಪೂಜಾನೂ ಬ್ಯಾಡ, ಕೋಣೇನೂ ಬ್ಯಾಡ. ಆಕಿ ಯಾವುದು ಒತ್ತಬೇಕು?"

ಮರುದಿನ ಅಣ್ಣ ಸ್ಕೂಟರು ಹತ್ತಿ ಲಹುರಾಬೀರಿಗೆ ಹೋಗಿ ಕೇಸರವಾನಿಯನ್ನು ಹಿಂದೆ ಕೂರಿಸಿಕೊಂಡೇ ಬಂದ. ಹೊರಗಿನ ಫೋನು ಮೊದಲು ಅತ್ತೆಯ ಬಳಿಯೇ ಬಡಿಯಬೇಕು, ಆಕೆ ಎತ್ತದಿದ್ದರೆ ಅಥವಾ ಮಾತಿನಲ್ಲಿದ್ದರೆ ಮಾತ್ರ ಡಬ್ಬಿ ಎತ್ತಿಕೊಳ್ಳಬೇಕು, ಹಾಗೆ ಮಾಡಲಾಗುತ್ತದೆಯೇ ಎಂದು ಕೇಳಿದ. ಕೇಸರವಾನಿ ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ. ಫೋನಿನಲ್ಲೇ ಏನೇನೋ ಅಂಕಿ ಒತ್ತಿ, ಆಯಿತು ಎಂದ. "ಇಷ್ಟೇನಾ? ಮೊದಲೇ ಯಾಕೆ ಹೇಳಲಿಲ್ಲ?" ಎಂದು ಅಣ್ಣ ಕೇಳಿದರೆ, ನೀವು ಕೇಳಲಿಲ್ಲವಲ್ಲ ಭಯ್ಯಾ ಎಂದು ಪಾನು ಉಗುಳಲು ಹೊರಗೆ ಹೋದ.

ಫೋನು ಮತ್ತೆ ಅತ್ತೆಯ ಕೈಗೆ ಬಂತು. ಆದರೆ ಬಾರದ ಫೋನನ್ನು ಎತ್ತುವುದು ಹೇಗೆ? ಅದೇ ಹೊತ್ತಿಗೆ ಬಾದಾಮಿಯ ಕಡೆಯಿಂದ ವೀರಭದ್ರಯ್ಯ ಎಂಬುವರು ಹೆಂಡತಿಯೊಂದಿಗೆ ಬಂದು ನಮ್ಮಲ್ಲಿ ಇಳಿದಿದ್ದರು. ನಿವೃತ್ತ ಮಾಸ್ತರರು. ಅವರು ಹೊರಟ ದಿನ ಅತ್ತೆ ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟು, "ಗುಳೇದಗುಡ್ಡ ನಿಮಗ ದೂರ ಆಗ್ತದೇನ್ರಿ?" ಎಂದು ಕೇಳಿದಳು. ಬಸ್ಸಿನಲ್ಲಿ ಹೋದರೆ ಹತ್ತಿರವೇ ಎಂದರು ಮಾಸ್ತರರು. "ಅಲ್ಲೆ ಜಗದಾಂಬಾ ಅಂತ, ಖಣ ನೇಯ್ತಾರ. ಅತ್ತಿ ಟೊಂಕ ಮುರಕೊಂಡು ಮಲಗ್ಯಾರ. ಇಷ್ಟ ನಂಗ ಗೊತ್ತಿದ್ದದ್ದು. ಕೃಷ್ಣಮ್ಮ ಫೋನ್ ಎತ್ತಲಿಕ್ಕೆ ಹತ್ತ್ಯಾಳ ಅಂತ ಹೇಳ್ರಿ ಸಾಕು."

ಇಷ್ಟು ಗುರುತಿನಲ್ಲಿ ಯಾರಾದರೂ ಸಿಗುತ್ತಾರೆಯೇ ಎಂದು ಅಪ್ಪ ನಕ್ಕರು. ಮಾಸ್ತರರು ನಗಲಿಲ್ಲ. ಊರಿಗೆ ಹೋದವರೇ, ಮಗ್ಗದ ಸದ್ದು ಕೇಳುವ ಓಣಿಗಳಲ್ಲಿ ಅಲೆದು, ಟೊಂಕ ಮುರಿದುಕೊಂಡ ಮುದುಕಿಯರನ್ನೆಲ್ಲ ವಿಚಾರಿಸಿದರಂತೆ.

ಮಳೆಗಾಲ ಶುರುವಾಗಿತ್ತು. ಗಂಗೆ ಕೆಂಪಾಗಿ ಏರುತ್ತಿದ್ದಳು. ಒಂದು ಮಧ್ಯಾಹ್ನ ಫೋನು ಬಡಿಯಿತು. ಅತ್ತೆ ಎತ್ತಿ, "ಹೇಳ್ರಿ, ಯಾವೂರು?" ಎಂದಳು.

 ಆ ಕಡೆಯಿಂದ ಪಡಸಾಲೆ ತುಂಬುವ ದನಿ: "ಅಕ್ಕಾರ! ಖರೇನ ನೀವ ಏನ್ರಿ?"

"ಹೌದು ಜಗದಾಂಬಾ, ನಾನ. ಮಶೀನ್ ಅಲ್ಲ."

"ಅಯ್ಯ ಶಿವನ! ನೀವು ಹೋಗೇಬಿಟ್ರಿ ಅಂತ ತಿಳಕೊಂಡಿದ್ನ್ಯಲ್ರಿ! ಯಾವುದೋ ಹಿಂದಿ ಹುಡುಗಿ ಕನ್ನಡ ಕಲತು ಏನೇನೋ ಒದರತಿತ್ತು. ನಾ ಕೇಳಿದ್ದಕ್ಕ ಒಂದಕ್ಕೂ ಉತ್ರ ಕೊಡ್ಲಿಲ್ಲ. ಮನೀ ಮಾರಿರಬೇಕು, ಅಕ್ಕಾರು ತೀರಿಕೊಂಡಿರಬೇಕು ಅಂತ ಬನಶಂಕರಿಗೆ ಹೋಗಿ ನಿಮ್ಮ ಹೆಸರಿನ್ಯಾಗ ಕಾಯಿ ಒಡಿಸಿ ಬಂದೇನ್ರಿ."

"ಹೌದೇನು? ಕಾಯಿ ಚಲೋ ಇತ್ತೇನು?"

"ಛಲೋ ಇತ್ರಿ."

"ಹಂಗಾದ್ರ ಆತು ಬಿಡು" ಎಂದಳು ಅತ್ತೆ. ಇಬ್ಬರೂ ನಕ್ಕರು. ನಗುತ್ತ ನಗುತ್ತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿ ಹುಡುಗಿ ಅನ್ನಿಸಿಕೊಂಡ ನಾನು ಪಕ್ಕದಲ್ಲೇ ಕೂತಿದ್ದೆ.

ಮರುವರ್ಷ ಜಗದಾಂಬಾಳ ಅತ್ತೆ ತೀರಿಕೊಂಡರು. ಅಸ್ಥಿ ಬಿಡಲು ಕಾರ್ತಿಕದಲ್ಲಿ ಬರುತ್ತೇವೆ ಎಂದು ಫೋನು ಬಂತು. ಕೋಣೆ ಬೇಡವೆನ್ನುವ ಫೋನು ಆ ಸಲ ಬರಲಿಲ್ಲ. ಎರಡನೇ ಮಜಲಿನಲ್ಲಿ ಗಂಗೆ ಕಾಣುವ ಕೋಣೆಯನ್ನು ಅತ್ತೆ ತಾನೇ ಗುಡಿಸಿ ಒರೆಸಿದಳು. ಅವರು ಬರುವ ದಿನ ಬೆಳಗಿನಿಂದ ಬಾಗಿಲು ಮತ್ತು ಪಡಸಾಲೆಯ ನಡುವೆ ಓಡಾಡಿದಳು. ಆ ದನಿಗೆ ತಕ್ಕಂತೆ ಎತ್ತರದ, ತೋರ ಮೈಯ ಹೆಂಗಸು ಬರುತ್ತಾಳೆಂದು ನಾವೆಲ್ಲ ಎಣಿಸಿದ್ದೆವು. ಬಂದವಳು ನನ್ನ ಭುಜದಷ್ಟು ಎತ್ತರವಿದ್ದ, ಒಣಗಿದ ಕಡ್ಡಿಯಂಥ ಹೆಂಗಸು. ಪಕ್ಕದಲ್ಲಿ ಮಾತಿಲ್ಲದ ಗಂಡ ಚಿದಾನಂದಪ್ಪ, ಕೈಯಲ್ಲಿ ತಾಯಿಯ ಅಸ್ಥಿಯ ಗಂಟು.

ಅತ್ತೆ ಗುರುತು ಸಿಗದೆ ನಿಂತಳು. ಆ ಹೆಂಗಸು ಬಾಯಿ ತೆರೆದು "ಅಕ್ಕಾರ" ಎಂದ ಮೇಲೆಯೇ ಗೊತ್ತಾದದ್ದು. ಜಗದಾಂಬಾ ಬಗ್ಗಿ ಕಾಲು ಮುಟ್ಟಿದಳು. ಎದ್ದವಳು ಅತ್ತೆಯ ಮುಖ ನೋಡಿದಳು. ಬರಿಯ ಹಣೆ, ಬರಿಯ ಕೊರಳು, ಬಣ್ಣವಿಲ್ಲದ ಸೀರೆ. ಜಗದಾಂಬಾಳ ಕೈ ಹೆಗಲಚೀಲದೊಳಗೆ ಹೋಗಿತ್ತು. ಅದು ಅಲ್ಲೇ ನಿಂತು, ಖಾಲಿಯಾಗಿ ಹೊರಗೆ ಬಂತು.

ಆಮೇಲೆ ಇಬ್ಬರ ನಡುವೆ ಮಾತೇ ಹೊರಡಲಿಲ್ಲ. ಅಪ್ಪ ಘಾಟಿನಲ್ಲಿ ಅಸ್ಥಿ ವಿಸರ್ಜನೆ ಮಾಡಿಸಿದರು. ಅತ್ತೆ ಊಟ ಬಡಿಸಿದಳು. "ಪ್ರಯಾಣ ಆರಾಮ ಆತೇನು?" "ಆತ್ರಿ." "ಇನ್ನೊಂದೀಟು ಅನ್ನ?" "ಸಾಕ್ರಿ." ವರ್ಷಗಟ್ಟಲೆ ಮಾತಾಡಿದವರು ಎದುರುಬದುರು ಕೂತು ಗೋಡೆ ನೋಡುತ್ತಿದ್ದರು. ಜಗದಾಂಬಾ ಮೇಲೆ ಹೋದ ಮೇಲೆ ಅತ್ತೆ ನನಗೆ, "ಫೋನಿನ್ಯಾಗಿನ ಜಗದಾಂಬಾ ಬ್ಯಾರೆನ ಇದ್ಲು" ಎಂದು ಬತ್ತಿಯ ಹತ್ತಿ ಎಳೆದುಕೊಂಡಳು.

ಮರುದಿನ ಸಂಜೆ ಚಿದಾನಂದಪ್ಪ ವಿಶ್ವನಾಥನ ದರ್ಶನಕ್ಕೆ ಹೋಗಿದ್ದರು. ಕೆಳಗಿನ ಫೋನು ಬಡಿಯಿತು. ಒಳಗಿನ ಫೋನಿನ ಸದ್ದು, ಎರಡೆರಡು ಸಲ ಒಟ್ಟೊಟ್ಟಿಗೆ.

"ಅಕ್ಕಾರ, ನಾನ್ರಿ."

"ಗೊತ್ತಾತು. ಎಲ್ಲಿಂದ?"

"ಮ್ಯಾಲಿನ ಕೋಣ್ಯಾಗಿಂದ."

"ನೀರು ಗೀರು ಬೇಕಾಗಿತ್ತೇನು? ಕಳಸ್ಲ್ಯಾ?"

"ಏನೂ ಬ್ಯಾಡ್ರಿ. ಮಾತಾಡಬೇಕು ಅನ್ನಿಸ್ತು. ಎದುರಿಗೆ ಕುಂತ್ರ ಬಾಯೇ ಬರವಲ್ದು."

ಅತ್ತೆ ಕುರ್ಚಿ ಎಳೆದು ಕೂತಳು. "ನಂಗೂ ಹಂಗ ಆಗೇದ ಜಗದಾಂಬಾ" ಎಂದಳು. ಆ ದನಿ ನಮ್ಮ ಹಳೆಯ ಅತ್ತೆಯ ದನಿ. ಊರಿನ ಬಸ್ಸು, ರೈಲಿನಲ್ಲಿ ಮಲಗಲು ಜಾಗ ಸಿಗದ್ದು, ಘಾಟಿನ ಮೆಟ್ಟಿಲಲ್ಲಿ ಚಪ್ಪಲಿ ಕಳೆದದ್ದು, ಎಲ್ಲ ಬಂತು. ಎರಡು ಮಜಲಿನ ಅಂತರದಲ್ಲಿ ಇಬ್ಬರೂ ಮೊದಲಿನಂತೆ ಮಾತಾಡಿದರು. ಫೋನಿಲ್ಲದಿದ್ದರೂ ಅಂಗಳದಿಂದ ಜಗದಾಂಬಾಳ ಮಾತು ಕೇಳುತ್ತಿತ್ತು. ಹಾಗಿದ್ದೂ ಇಬ್ಬರೂ ರಿಸೀವರು ಬಿಡಲಿಲ್ಲ.

ಆಮೇಲೆ ಜಗದಾಂಬಾ ದನಿ ಇಳಿಸಿದಳು. "ನೀವು ಒಮ್ಮೆನೂ ಹೇಳಲಿಲ್ರಿ, ನಿಮ್ಮ ಯಜಮಾನ್ರು ಇಲ್ಲಂತ."

"ನೀ ಕೇಳಲಿಲ್ಲ. ಕೇಳಲಿಲ್ಲಲ್ಲ ಅಂತ ನಂಗೂ ಹಗುರ ಅನಸ್ತಿತ್ತು. ಮಂದಿ ಎಲ್ಲಾ ಮೊದಲ ಹಣಿ ನೋಡ್ತಾರ, ಆಮ್ಯಾಲ ಮಾರಿ ನೋಡ್ತಾರ. ಫೋನಿನ್ಯಾಗ ಅದೊಂದು ಇದ್ದಿದ್ದಿಲ್ಲ ನೋಡು."

ಮೇಲೆ ಹೆಗಲಚೀಲ ಎಳೆದುಕೊಂಡ ಸದ್ದು ಬಂತು.

"ನಿಮಗಂತ ಒಂದು ಖಣ ತಂದಿದ್ದೆ ಅಕ್ಕಾರ. ನಾನ ನೇಯ್ದದ್ದು. ಈಗ ಕೊಡ್ಲೋ ಬ್ಯಾಡೋ ತಿಳೀವಲ್ದು."

ಅತ್ತೆ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಂಗಳದ ಆಚೆ ದೇವರ ಮನೆಯಿಂದ ಅಪ್ಪನ ಗಂಟೆ ಕೇಳುತ್ತಿತ್ತು. ಅದು ನಿಂತ ಮೇಲೆ ಕೇಳಿದಳು, "ಬಣ್ಣ ಯಾವುದು?"

"ಹಸರ್ರಿ. ಕೆಂಪು ಅಂಚು. ನಡುವ ಆನಿಹೆಜ್ಜಿ ಚಿತ್ತಾರ ಹಾಕೇನಿ."

"ಮುಧೋಳದಾಗ ನನ್ನ ಹತ್ರ ಹಸರದೊಂದು ಇತ್ತು. ಅಲ್ಲೇ ಬಿಟ್ಟು ಬಂದೆ." ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿ, "ನಾಳೆ ಮುಂಜಾನೆ ಸ್ನಾನ ಆದಮ್ಯಾಲ ತಂದು ಕೊಡು" ಎಂದಳು.

ಜಗದಾಂಬಾ ಇನ್ನೂ ನಾಲ್ಕು ದಿನ ಇದ್ದಳು. ಹಗಲು ಇಬ್ಬರೂ ಜೊತೆಯಲ್ಲಿ ಘಾಟಿಗೆ, ಕೇದಾರನ ಗುಡಿಗೆ, ಮದನಪುರದ ಮಗ್ಗಗಳಿಗೆ ಹೋಗಿಬರುತ್ತಿದ್ದರು. ಸಂಜೆ ತಪ್ಪದೆ ಇಂಟರ್‌ಕಾಮ್ ಬಡಿಯುತ್ತಿತ್ತು. "ಇದನ್ನ ಹಾಕಿಸಿದ್ದು ಇವತ್ತಿಗೆ ಸಾರ್ಥಕ ಆತು" ಎಂದು ಅಣ್ಣ ಅಮ್ಮನಿಗೆ ಹೇಳಿದ.

ಅವರು ಹೋದ ಮೇಲೆ ಅತ್ತೆ ನನ್ನನ್ನು ಸೋನಾರಪುರದ ದರ್ಜಿಯ ಬಳಿಗೆ ಕರೆದುಕೊಂಡು ಹೋಗಿ ಆ ಖಣದ ಕುಪ್ಪಸ ಹೊಲಿಸಿದಳು. ತೊಟ್ಟ ಮೊದಲ ದಿನ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೇ ಓಡಾಡಿದಳು. ಬಡಿಸಲು ಬಗ್ಗಿದಾಗ ಸೆರಗು ಜಾರಿ ಹಸಿರು ತೋಳು ಕಂಡಿತು. ಅಪ್ಪ ನೋಡಿದರು. ಆಚಾರದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಅಮ್ಮ ಉಸಿರು ಹಿಡಿದು ನಿಂತಿದ್ದಳು. ಅಪ್ಪ, ಇನ್ನಷ್ಟು ಸಾರು ಹಾಕು ಎಂದರು.

ಅದಾದ ಮೇಲೆ ಕಾಲ ಬೇಗ ಬದಲಾಯಿತು. ಯಾತ್ರಿಕರು ಒಬ್ಬೊಬ್ಬರಾಗಿ ಮೊಬೈಲು ಹಿಡಿದುಕೊಂಡೇ ಬರತೊಡಗಿದರು. ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ಕಪಿಗಳ ನಡುವೆ ನಿಂತು ಊರಿಗೆ ಮಾತಾಡುತ್ತಿದ್ದರು. ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಎಲ್ಲ ನೇರ ಅವರವರ ಕಿವಿಗೇ. ಕೋಣೆಯ ಬಿಳಿಯ ಫೋನುಗಳ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದರು. ಒಂದು ಮಳೆಗಾಲದಲ್ಲಿ ಡಬ್ಬಿ ಕೆಟ್ಟಿತು. ಕೇಸರವಾನಿಯನ್ನು ಕರೆದರೆ, ಅವನೂ ಆ ಹೊತ್ತಿಗೆ ಮೊಬೈಲು ಮಾರುತ್ತಿದ್ದ. ಇದರ ಸಾಮಾನು ಈಗ ಸಿಗುವುದಿಲ್ಲ ಭಯ್ಯಾ ಎಂದ. ಅಣ್ಣ ಅದನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ. ಗೋಡೆಯ ಕೊಳವೆಗಳು ಮಾತ್ರ ಹಾಗೇ ಉಳಿದವು.

ಅತ್ತೆಗೆ ಕಿವಿ ಮಂದವಾಗುತ್ತ ಬಂತು. ಮೊದಲು ಒಂದು, ಆಮೇಲೆ ಇನ್ನೊಂದು. ಗಂಟಲು ಹರಿಯುವಂತೆ ಕೂಗುವ ಜಗದಾಂಬಾಳ ಮಾತೂ ಅವಳಿಗೆ ಮುಟ್ಟದಾಯಿತು. ಜಗದಾಂಬಾ ಫೋನು ಮಾಡುವುದನ್ನು ಬಿಡಲಿಲ್ಲ. ಎಸ್‌ಟಿಡಿ ಅಂಗಡಿ ಮುಚ್ಚಿತ್ತು, ಮಗ ಕೊಡಿಸಿದ ಮೊಬೈಲಿನಿಂದ ಮಾಡುತ್ತಿದ್ದಳು. ನಾನು ಫೋನನ್ನು ನನ್ನ ಕಿವಿಗಿಟ್ಟುಕೊಂಡು ಕೇಳಿ, ಅತ್ತೆಯ ಕಿವಿಯ ಬಳಿ ಬಗ್ಗಿ ಕೂಗಿ ಹೇಳುತ್ತಿದ್ದೆ.

ಒಂದು ದಿನ ಜಗದಾಂಬಾ ಬಹಳ ಹೊತ್ತು ಮಾತಾಡಿದಳು. ಸೊಸೆಗೆ ಹೆಣ್ಣು ಕೂಸಾಗಿದೆ, ಕೂಸಿನ ಕೂದಲು ನೆಲ ಮುಟ್ಟುವಂತಿದೆ, ಹೆಸರೇನಿಡಬೇಕು ಎಂದು ಮನೆಯಲ್ಲಿ ಜಗಳ ನಡೆದಿದೆ, ಮಗ್ಗದ ಮೇಲೆ ಬೆಕ್ಕು ಮಲಗಿ ನೂಲೆಲ್ಲ ಸಿಕ್ಕಾಗಿದೆ, ಈ ಸಲದ ಜೋಳ ಸಿಹಿಯಾಗಿದೆ. ನನಗೆ ಕಾಲೇಜಿಗೆ ಪಾಠ ಹೇಳಲು ಹೋಗುವ ಅವಸರ. ಅತ್ತೆಯ ಕಿವಿಯಲ್ಲಿ, "ಹೆಣ್ಣು ಕೂಸು ಆಗೇದಂತ, ಎಲ್ಲಾರೂ ಆರಾಮ ಇದ್ದಾರಂತ!" ಎಂದು ಕೂಗಿದೆ.

ಅತ್ತೆ ನನ್ನ ಮುಖವನ್ನೇ ನೋಡಿದಳು. ನನ್ನ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಷ್ಟ ಹೇಳಿರಲಿಕ್ಕಿಲ್ಲ ಆಕಿ. ಪೂರಾ ಹೇಳು."